ಕೆಲಸ ಹೆಚ್ಚಾದಾಗ ಹೊರೆ ಯಾರ ಹೆಗಲಿಗೆ?

ಜುಮಾ ಮುಗಿದ ಮೇಲೆ ನಮ್ಮ ಬಳಿ ನಿಂತು ಮಾತನಾಡುವ ಯುವಕರು ಈಗೀಗ ಸಂಬಳಕ್ಕಿಂತ ನಿದ್ದೆಯ ವಿಷಯವನ್ನೇ ಹೆಚ್ಚು ಹೇಳುತ್ತಾರೆ. ಕೆ.ಆರ್. ಪುರದಾಚೆಯ ಕಂಪನಿಗಳಿಂದ ರಾತ್ರಿ ಹಲಸೂರಿನ ಮನೆಗೆ ಬಂದರೂ ಫೋನು ಸುಮ್ಮನಿರುವುದಿಲ್ಲ. ಹುಡುಗನಿಗೆ ಸಹನೆ ಕಡಿಮೆ ಎಂದು ಹಿರಿಯರು ಗದರುತ್ತಾರೆ. ಆದರೆ ಈ ಒತ್ತಡ ಬಹುಪಾಲು ಹುಟ್ಟುವುದು ಹುಡುಗನ ಸ್ವಭಾವದಿಂದಲ್ಲ, ಕೆಲಸ ಹಂಚುವ ರೀತಿಯಿಂದ.

ಹತ್ತು ಜನರ ತಂಡದಲ್ಲಿ ಇಬ್ಬರು ಬಿಟ್ಟುಹೋದರು ಎಂದಿಟ್ಟುಕೊಳ್ಳಿ. ಗ್ರಾಹಕನಿಗೆ ಕೊಟ್ಟ ಗಡುವು ಹಾಗೆಯೇ ಇದೆ. ಹೊಸಬರನ್ನು ತೆಗೆದುಕೊಳ್ಳಬಹುದು, ಗಡುವು ಮುಂದೂಡಬಹುದು, ಇಲ್ಲವೇ ಹತ್ತು ಜನರ ಕೆಲಸವನ್ನು ಎಂಟು ಜನರಿಂದ ಮಾಡಿಸಬಹುದು. ಕೊನೆಯದಕ್ಕೆ ಮೇಲ್ನೋಟಕ್ಕೆ ಖರ್ಚಿಲ್ಲ. ಆದ್ದರಿಂದ ಮೇಲಿನವರು ಮ್ಯಾನೇಜರನ ಮೇಲೆ, ಮ್ಯಾನೇಜರ್ ಕಿರಿಯನ ಮೇಲೆ ಹಾಕುತ್ತಾರೆ. ದಣಿದವನು ತಪ್ಪು ಮಾಡುತ್ತಾನೆ, ತಿದ್ದಲು ಮತ್ತಷ್ಟು ಗಂಟೆ ಬೇಕಾಗುತ್ತದೆ, ಇನ್ನೊಬ್ಬ ರಾಜೀನಾಮೆ ಕೊಡುತ್ತಾನೆ. ಆಗ ತಿಂಗಳಿಗೊಮ್ಮೆ ಯೋಗದ ತರಗತಿ! ತರಗತಿ ಕೆಟ್ಟದ್ದಲ್ಲ, ಆದರೆ ಹೊರೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಕೆಲಸದ ಏರ್ಪಾಟನ್ನೇ ಸರಿಪಡಿಸಲು, ಮ್ಯಾನೇಜರುಗಳಿಗೆ ತರಬೇತಿ ನೀಡಲು ಹೇಳುತ್ತದೆ. ಅದೇ ಸಂಸ್ಥೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಂದಿಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35-40 ಗಂಟೆ ದುಡಿಯುವವರಿಗಿಂತ 35 ಶೇಕಡಾ ಹೆಚ್ಚು.

ನಮ್ಮ ನಗರದಲ್ಲಿ ಈ ಜಗ್ಗಾಟ ಬಹಿರಂಗವಾಗಿಯೇ ನಡೆದಿದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಹೆಚ್ಚುವರಿ ಸೇರಿ ದಿನಕ್ಕೆ 10, ಮೂರು ತಿಂಗಳಲ್ಲಿ ಹೆಚ್ಚುವರಿ ಕೆಲಸ 50 ಗಂಟೆ, ಅದಕ್ಕೆ ಎರಡು ಪಟ್ಟು ಸಂಬಳ. 2024ರ ಜುಲೈನಲ್ಲಿ ಐಟಿ ವಲಯಕ್ಕೆ ದಿನಕ್ಕೆ 12 ಗಂಟೆಗಿಂತಲೂ ಹೆಚ್ಚು ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಬಂತು. ಉದ್ಯಮದ ಒತ್ತಡದಿಂದ ಬಂದದ್ದು ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. ಐಟಿ ನೌಕರರ ಸಂಘ 'ಕಿಟು' ಬೀದಿಗಿಳಿಯಿತು. 2025ರಲ್ಲಿ ಮತ್ತೆ ಪ್ರಸ್ತಾಪ: ಹೆಚ್ಚುವರಿ ಸೇರಿ 12 ಗಂಟೆ, ಮೂರು ತಿಂಗಳಿಗೆ 144. ಎಂಟು ಜನರನ್ನು ಹತ್ತಾಗಿಸುವ ಬದಲು ದಿನವನ್ನೇ ಉದ್ದ ಮಾಡುವ ಲೆಕ್ಕ ಇದು.

ಕೈಕೆಳಗಿನವರ ಮೇಲೆ ಶಕ್ತಿಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ತಾನೂ ಕೈಹಚ್ಚಬೇಕು ಎಂಬ ಆಶಯದ ಹದೀಸ್ ಅಬೂ ದರ್ರ್(ರ)ರಿಂದ ವರದಿಯಾಗಿ ಬುಖಾರಿಯಲ್ಲಿದೆ. ಖಂದಕ್‌ನಲ್ಲಿ ಪ್ರವಾದಿ(ಸ)ರು ತಾವೇ ಮಣ್ಣು ಹೊತ್ತರು. ತಂಡದ ನಾಯಕರಾಗಿರುವ ನಮ್ಮ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳಬೇಕಿದೆ.

ಕಚೇರಿಯಲ್ಲಿ ಒಬ್ಬನೇ ದೂರುವುದು ಕಷ್ಟ. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾನೂನಿನಿಂದ ಕೊಟ್ಟ ವಿನಾಯಿತಿಯನ್ನು 2024ರಲ್ಲಿ ಇನ್ನೂ ಐದು ವರ್ಷ ಮುಂದುವರಿಸಿದಾಗ, ಮಾಲೀಕರ ಮತ್ತು ನೌಕರರ ಸಮಾನ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತು ಇತ್ತು. ನಿಮ್ಮ ಕಂಪನಿಯಲ್ಲಿ ಅದು ಇದೆಯೇ, ನೌಕರರ ಕಡೆಯಿಂದ ಯಾರಿದ್ದಾರೆ ಎಂದು ಇಬ್ಬರು ಮೂವರು ಸೇರಿ ಕೇಳಿ.

ಅಂದಹಾಗೆ, 1961ರ ಆ ಕಾಯ್ದೆಯ ಹೆಸರಿನಲ್ಲೇ 'ಅಂಗಡಿ' ಇದೆ. ರಮಝಾನಿನ ಕೊನೆಯ ಹತ್ತು ದಿನ ಶಿವಾಜಿನಗರದ ಬಟ್ಟೆ ಅಂಗಡಿಗಳಲ್ಲಿ ಉಪವಾಸವಿದ್ದೇ ನಿಂತು ದುಡಿಯುವ ಹುಡುಗರಿಗೂ ಅದೇ ಗಂಟೆಗಳು, ಅದೇ ಎರಡು ಪಟ್ಟು.