ಮೈಸೂರನ್ನು ನೋಡುವ ಬಗೆ

ಬೆಂಗಳೂರಿನ ತೆಂಕಣ ಬಡಾವಣೆಗಳಾದ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ವಾಸವಾಗಿರುವ ನಮಗೆ ಮೈಸೂರು ದೂರದ ಊರೇನೂ ಅಲ್ಲ. ಸುಮಾರು 140 ಕಿಲೋಮೀಟರುಗಳ ಹಾದಿ. ಮದುವೆಗೆಂದೋ ದಸರೆಗೆಂದೋ ಒಮ್ಮೆಯಾದರೂ ಹೋಗಿಬಾರದವರು ನಮ್ಮಲ್ಲಿ ವಿರಳ. ಹೋದವರು ಬೆಳಗ್ಗೆ ಅರಮನೆಯನ್ನು ಕಂಡು, ಮಧ್ಯಾಹ್ನ ಮೃಗಾಲಯವನ್ನು ಸುತ್ತಿ, ಬೆಟ್ಟದ ಮೇಲೆ ತಾಯಿಗೆ ಹಣ್ಣುಕಾಯಿ ಮಾಡಿಸಿ, ಮೈಸೂರುಪಾಕಿನ ಪೊಟ್ಟಣದೊಡನೆ ಮರಳುವುದು ವಾಡಿಕೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇಷ್ಟನ್ನು ಮಾತ್ರ ನೋಡಿದವರು ರಾಜಧಾನಿಯನ್ನು ಕಂಡರೇ ಹೊರತು ವಿದ್ಯಾನಗರವನ್ನು ಕಾಣಲಿಲ್ಲವೆಂದು ನಾವು ಭಾವಿಸುತ್ತೇವೆ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ಸ್ಥಾಪಿತವಾಯಿತು. ಅದಕ್ಕೆ ಮುಂಚೆ ನಮ್ಮ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂಡಬೇಕಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ದೇಶೀಯ ಸಂಸ್ಥಾನವೊಂದರಲ್ಲಿ ಮೊದಲ ವಿಶ್ವವಿದ್ಯಾನಿಲಯವು ತಲೆಯೆತ್ತಿತು, ಎಚ್.ವಿ. ನಂಜುಂಡಯ್ಯನವರು ಅದರ ಮೊದಲ ಉಪಕುಲಪತಿಗಳಾದರು. ಬೆಂಗಳೂರಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯವು ಬಂದುದು 1964ರಲ್ಲಿ. ಅಲ್ಲಿಯವರೆಗೆ ನಮ್ಮ ಸೆಂಟ್ರಲ್ ಕಾಲೇಜು ಸಹ ಮೈಸೂರಿಗೇ ಸೇರಿದ್ದಿತು. ಆದುದರಿಂದ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ತೂಗುತ್ತಿರುವ ಹಿರಿಯರ ಪದವೀಪತ್ರಗಳಲ್ಲಿ ಗಂಡಭೇರುಂಡದ ಮುದ್ರೆಯೇ ಇರುವುದು. ಮೈಸೂರಿನ ವಿದ್ಯಾಸ್ಥಾನಗಳನ್ನು ನೋಡಹೋಗುವವರು ಪರಸ್ಥಳವನ್ನಲ್ಲ, ತಮ್ಮ ಹಿರಿಯರ ಗುರುಮನೆಯನ್ನು ನೋಡಹೋಗುವರೆನ್ನಬೇಕು.

ಅರಮನೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ, ಅಲ್ಲಿಂದಲೇ ಹೊರಡೋಣ. ಮರದಿಂದ ಕಟ್ಟಿದ್ದ ಹಳೆಯ ಅರಮನೆಯು 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿರುವುದು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ 1912ರಲ್ಲಿ ಮುಗಿದುದು. ನಡುವಣ ಹದಿನೈದು ವರ್ಷ ರಾಜಪರಿವಾರವು 1861ರಲ್ಲಿ ಕಟ್ಟಿಸಿದ್ದ ಜಗನ್ಮೋಹನ ಅರಮನೆಯನ್ನು ಆಶ್ರಯಿಸಿತು. ಜನರು ಅಲ್ಲಿಗೆ ರವಿವರ್ಮನ ಚಿತ್ರಗಳನ್ನೂ, ಹಲದಂಕರರು ಬರೆದ ದೀಪಧಾರಿಣಿಯನ್ನೂ ನೋಡಲು ಹೋಗುತ್ತಾರೆ. ಆ ದೀಪದ ಬೆಳಕು ಬೆರಳುಗಳ ಸಂದಿನಲ್ಲಿ ಕೆಂಪಾಗಿ ಹೊಳೆಯುವ ಬಗೆಯನ್ನು ಎಷ್ಟು ಹೊತ್ತು ನೋಡಿದರೂ ತಣಿವಿಲ್ಲ. ಆದರೆ ವಿಶ್ವವಿದ್ಯಾನಿಲಯದ ಆರಂಭಕಾಲದ ಘಟಿಕೋತ್ಸವಗಳು ನಡೆದುದೂ ಇದೇ ಆವರಣದಲ್ಲಿ ಎಂಬುದನ್ನು ಅರಿತು ನೋಡುವವರು ಎಷ್ಟು ಮಂದಿ?

ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರ ಹೊತ್ತಿಗೆ ಕಟ್ಟಿದ ಜಯಲಕ್ಷ್ಮೀ ವಿಲಾಸವು ಈಗ ಮಾನಸಗಂಗೋತ್ರಿಯ ಆವರಣದಲ್ಲಿದೆ. ರಾಜಕುಮಾರಿಯ ಸೌಧವು 1968ರಿಂದ ಒಕ್ಕಲುಮಕ್ಕಳ ವಸ್ತುಗಳಿಗೆ ಮನೆಯಾಯಿತು: ತೊಗಲುಗೊಂಬೆಗಳು, ಸೋಮನ ಮುಖಗಳು, ಯಕ್ಷಗಾನದ ಕಿರೀಟ ಭುಜಕೀರ್ತಿಗಳು, ಹಳ್ಳಿಮನೆಯ ಪಾತ್ರೆಪದಾರ್ಥಗಳು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ಊರೂರು ಅಲೆದು ತಂದ ಸಂಪತ್ತಿದು. ಮಳೆ, ಗೆದ್ದಲು, ಕಾಲ ಇವು ಈ ಸೌಧವನ್ನು ಬಿಟ್ಟಿಲ್ಲ. ಒಮ್ಮೆ ಜೀರ್ಣೋದ್ಧಾರವಾಗಿ ಮತ್ತೆ ದುರಸ್ತಿಯನ್ನು ಬೇಡುವ ಸ್ಥಿತಿಗೆ ಬಂದಿತು. ಆದುದರಿಂದ ಹೊರಡುವ ಮುನ್ನ, ತೆರೆದಿರುವುದೇ ಎಂದು ವಿಚಾರಿಸಿಕೊಳ್ಳುವುದು ಅವಶ್ಯ. ಹಳೆಯ ಕಟ್ಟಡವನ್ನು ಉಪೇಕ್ಷಿಸಿದರೆ ಏನಾಗುವುದೆಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತರಾದರು. ನಾವು ಚಿತ್ರ ತೆಗೆದುಕೊಳ್ಳುವ ಗೋಡೆಗಳ ಕೆಳಗೆ ಜನರು ದಿನವೂ ಅಂಗಡಿ ತೆರೆದು ಜೀವನ ನಡೆಸುತ್ತಾರೆಂಬುದು ಆ ದಿನದವರೆಗೆ ನಮ್ಮಲ್ಲಿ ಬಹುಮಂದಿಗೆ ಹೊಳೆದೇ ಇರಲಿಲ್ಲ.

ನಮ್ಮನ್ನು ಕೇಳಿದರೆ, ಮೈಸೂರಿನಲ್ಲಿ ಒಂದೇ ಸ್ಥಳವನ್ನು ನೋಡುವಷ್ಟು ಸಮಯವಿದ್ದವರು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗಬೇಕು. ಪ್ರಾಚ್ಯಕೋಶಾಗಾರವೆಂಬ ಹೆಸರಿನಿಂದ 1891ರಲ್ಲಿ ಆರಂಭವಾದ ಈ ಸಂಸ್ಥೆಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಗಳ ಕಟ್ಟೊಂದನ್ನು ಒಪ್ಪಿಸಿದರು. ಇಲ್ಲಿಯ ವಿದ್ವಾಂಸರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ನೋಡಲಾಗಿ ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿದ್ದಿತು! ಅದುವರೆಗೆ ಆ ಗ್ರಂಥವು ಇತರರು ಉದ್ಧರಿಸಿದ ಮಾತುಗಳಿಂದ ಮಾತ್ರ ತಿಳಿದಿದ್ದಿತು. ಮೂಲವು ನಷ್ಟವಾಯಿತೆಂದೇ ಪಂಡಿತರು ನಂಬಿದ್ದರು. ಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಭಾರತೀಯರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲವೆಂದು ಹೇಳುತ್ತಿದ್ದವರು ಅನಂತರ ಸುಮ್ಮನಾಗಬೇಕಾಯಿತು. ಓಲೆಗರಿಯನ್ನು ಕಾಪಾಡುವ ಕೆಲಸವು ತಾಳ್ಮೆಯದು. ಗರಿಗಳನ್ನು ಒಂದೊಂದಾಗಿ ಒರೆಸಿ, ಹುಳು ಹಿಡಿಯದಂತೆಯೂ ಗರಿ ಸೆಡೆಯದಂತೆಯೂ ನಿಂಬೆಹುಲ್ಲಿನ ಎಣ್ಣೆಯನ್ನು ಲೇಪಿಸುತ್ತಾರೆ. ಅಕ್ಷರವು ಮಾಸಿದ್ದರೆ ಕಪ್ಪನ್ನು ತೀಡಿ ಒರೆಸಿದಾಗ ಕಂಟದ ಗೆರೆಗಳಲ್ಲಿ ಮಸಿ ನಿಂತು ಬರಹವು ಮತ್ತೆ ಎದ್ದು ಕಾಣುತ್ತದೆ. ಈ ಕೈಗಳು ಒಂದು ತಲೆಮಾರು ಸುಮ್ಮನಾದರೆ ಗರಿಗಳು ಉಳಿಯಲಾರವು.

ಅಲ್ಲಿಂದ ಮಹಾರಾಜಾ ಕಾಲೇಜು ದೂರವಿಲ್ಲ. ಹಿರಿಯಣ್ಣನವರೂ ವೆಂಕಣ್ಣಯ್ಯನವರೂ ಪಾಠ ಹೇಳಿದ, ಕುವೆಂಪು ಶಿಷ್ಯರಾಗಿ ಕುಳಿತು ಮುಂದೆ ಪ್ರಾಂಶುಪಾಲರೂ ಆದ ಸ್ಥಳವಿದು. ಇಲ್ಲಿ 1918ರಿಂದ ದರ್ಶನಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ನರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯ ಕುದುರೆಗಳನ್ನು ಬಿಚ್ಚಿ ರೈಲುನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರಂತೆ. ಇದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಸಣ್ಣ ಯಂತ್ರವೊಂದನ್ನಿಟ್ಟು ರೇಡಿಯೋ ಪ್ರಸಾರವನ್ನು ಆರಂಭಿಸಿದವರು. 'ಆಕಾಶವಾಣಿ'ಯೆಂಬ ಹೆಸರು ದೇಶಕ್ಕೆಲ್ಲ ಹರಡುವ ಮುನ್ನ ಮೈಸೂರಿನ ಮನೆಯೊಂದರಲ್ಲಿ ಕೇಳಿಬಂದಿತೆಂಬುದು ಪ್ರಸಾರವನ್ನು ಆಲಿಸುವ ನಮ್ಮಂಥವರಿಗೆ ವಿಶೇಷವಾಗಿ ಹಿತವಾದ ಸಂಗತಿ. ಆರ್.ಕೆ. ನಾರಾಯಣರ ಅಭಿಮಾನಿಗಳು ಯಾದವಗಿರಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಅವರ ಮನೆಯನ್ನೂ ನೋಡಬಹುದು.

ಸಂಜೆಯನ್ನು ಮಾತ್ರ ಕುಕ್ಕರಹಳ್ಳಿ ಕೆರೆಗೆ ಮೀಸಲಿಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ದಡದಲ್ಲಿ ಕುವೆಂಪು ನಿತ್ಯವೂ ನಡೆದರು. ಉಪಕುಲಪತಿಗಳಾಗಿ ಹೊಸ ಆವರಣಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರೂ ಅವರೇ. ಏರಿಯ ಮೇಲೆ ಒಂದು ಸುತ್ತು ನಿಧಾನವಾಗಿ ನಡೆದರೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತಾಗುತ್ತದೆ. ಭಾನುವಾರವಾದರೆ ಏಳು ಗಂಟೆಯ ಸುಮಾರಿಗೆ ಅರಮನೆಯ ದೀಪಗಳು ಹೊತ್ತಿಕೊಳ್ಳುತ್ತವೆ. ಅದನ್ನೂ ಕಂಡು ಹೊರಡಬಹುದು. ತೆಂಕಣ ಬಡಾವಣೆಯವರಿಗೆ ಕೆಂಗೇರಿಯಲ್ಲಿ ಇಳಿಯುವುದು ಅನುಕೂಲ. ಹತ್ತುವ ಗಾಡಿ ಅಲ್ಲಿ ನಿಲ್ಲುವುದೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳುವುದು ಲೇಸು.