ಥಿನ್ ಕ್ಲೈಂಟ್ ಪರದೆಯಲ್ಲಿ ಕನ್ನಡ ಕಾಣದಿದ್ದಲ್ಲಿ

ಕೆಂಗೇರಿ ಬದಿಯ ಸೂಲಿಕೆರೆಯಾಗಲಿ, ರಾಮೋಹಳ್ಳಿಯಾಗಲಿ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಲಿನಕ್ಸ್ ಥಿನ್ ಕ್ಲೈಂಟ್‌ಗಳನ್ನು ಅಳವಡಿಸುವ ಮುನ್ನ ಮಾನ್ಯ ಸದಸ್ಯರು ಒಂದು ಅಂಶವನ್ನು ಅರಿತಿರುವುದು ಸೂಕ್ತ. ಈ ಯಂತ್ರಗಳಿಗೆ ಹಾರ್ಡ್ ಡಿಸ್ಕ್ ಬೇಕಿಲ್ಲ. 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ವ್ಯವಸ್ಥೆಯಲ್ಲಿ, ಪ್ರತಿ ಯಂತ್ರವೂ ಚಾಲನೆಗೊಂಡಾಗಲೆಲ್ಲ ಸರ್ವರ್‌ನಲ್ಲಿರುವ ಒಂದೇ ಇಮೇಜನ್ನು, ಅಂದರೆ ತಂತ್ರಾಂಶದ ಸಿದ್ಧ ಅಚ್ಚನ್ನು, ಜಾಲದ ಮೂಲಕ ಪಡೆಯುತ್ತದೆ.

ಇಮೇಜಿನ ಗಾತ್ರ ಕುಗ್ಗಿಸಲು ಕೆಲವು ಪ್ಯಾಕೇಜುಗಳನ್ನು ಕೈಬಿಡುವಾಗ ಕನ್ನಡದ್ದೂ ಬಿಟ್ಟುಹೋಗುವುದುಂಟು. ಪಾಠ ಓದಲು ಬಂದ ಮಗುವಿಗೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ, ಲೋಹಿತ್ ಕನ್ನಡ ಮುಂತಾದ ಫಾಂಟ್ ಪ್ಯಾಕೇಜ್ ಇಲ್ಲವೆಂದರ್ಥ. ಓದಲು ಬಂದು ಟೈಪಿಸಲು ಮಾತ್ರ ಆಗದಿದ್ದಲ್ಲಿ, ಐಬಸ್-ಎಂ17ಎನ್ ಪ್ಯಾಕೇಜ್ ಇದೆಯೇ ಎಂದು ಪರಿಶೀಲಿಸತಕ್ಕದ್ದು. ಹಳೆಯ ನುಡಿ ಕಡತವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುವುದು ಬೇರೆಯದೇ ದೋಷ. ಅದಕ್ಕೆ ಬೇಕಿರುವುದು ಯೂನಿಕೋಡ್ ಪರಿವರ್ತನೆಯೇ ಹೊರತು ಪ್ಯಾಕೇಜ್ ಅಲ್ಲ.

ದುರಸ್ತಿಗೆ ಬಂದವರು ಥಿನ್ ಕ್ಲೈಂಟ್‌ನಲ್ಲಿಯೇ ಪ್ಯಾಕೇಜ್ ಅಳವಡಿಸಿ ಹೋಗುವುದು ಸಾಮಾನ್ಯ ತಪ್ಪು. ಆ ಕ್ಷಣಕ್ಕೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಬದಲಾವಣೆಯು ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುವುದರಿಂದ, ವಿದ್ಯುತ್ ಹೋಗಿ ಬಂದೊಡನೆ (ಅದು ಹೋಗದ ದಿನ ವಿರಳ) ಚೌಕಗಳು ಮರಳುತ್ತವೆ. ಪ್ಯಾಕೇಜನ್ನು ಸರ್ವರ್‌ನಲ್ಲಿ, ಇಮೇಜಿನ ಮೂಲ ವ್ಯವಸ್ಥೆಗೆ ಸೇರಿಸಿ, ಇಮೇಜನ್ನು ಮರುನಿರ್ಮಿಸಿ, ಯಂತ್ರಗಳನ್ನು ಮರುಚಾಲನೆಗೊಳಿಸಬೇಕು. ಯಂತ್ರಗಳು ಹತ್ತಿದ್ದರೂ ಈ ಕೆಲಸ ಒಂದೇ ಬಾರಿ.

ಆದಕಾರಣ ಇಂತಹ ದೋಷಕ್ಕೆ ಯಂತ್ರವಾರು ದುರಸ್ತಿ ಬಿಲ್ಲು ಸಭೆಯ ಮುಂದೆ ಬಂದಲ್ಲಿ, ಇಮೇಜ್ ಮರುನಿರ್ಮಾಣವಾಗಿದೆಯೇ ಎಂದು ವಿಚಾರಿಸಿ, ಯಂತ್ರಗಳನ್ನು ಒಮ್ಮೆ ಸ್ಥಗಿತಗೊಳಿಸಿ ಪುನಃ ಚಾಲನೆ ಮಾಡಿಸಿ ನೋಡಿದ ನಂತರವೇ ಅನುಮೋದನೆ ನೀಡತಕ್ಕದ್ದು.