ಹೊಲದ ಮಾತು, ಕಚೇರಿಯ ಮಾತು

ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಊರಿನ ಹಿರಿಯರೊಬ್ಬರು ಎದುರಾದರೆ ಹುಡುಗನೊಬ್ಬ ಹೀಗೆ ಮಾತಿಗೆಳೆಯುವುದುಂಟು: "ಏನ್ ಕಾಕಾ, ತಬಿಯತ್ ಹ್ಯಾಂಗದರಿ?" ಅವರ ಉತ್ತರ: "ಛಲೋ ಅದ. ಜಮೀನಿಂದು ಒಂದು ಅರ್ಜಿ ಕೊಡೋದದ, ಅದಕ್ಕೇ ಹೊಂಟೀನಿ." ಎರಡೇ ಸಾಲಿನ ಈ ಮಾತಿನಲ್ಲಿ ತಬಿಯತ್ ಮತ್ತು ಅರ್ಜಿ ಅರಬ್ಬಿ ಮೂಲದವು, ಜಮೀನು ಪಾರಸಿಯದು. ಆಡಿದವರಿಗೆ ಮಾತ್ರ ತಾವು ಕನ್ನಡವಲ್ಲದೆ ಬೇರೇನೋ ಆಡಿದೆವೆಂಬ ಭಾವನೆಯೇ ಇಲ್ಲ.

ಬೀದರ್ ಕಡೆಯ ಹುಡುಗರು ಓದಿಗೆಂದು ದಕ್ಷಿಣದ ಊರುಗಳಿಗೆ ಹೋದಾಗ "ನಿಮ್ಮದು ಅರ್ಧ ಉರ್ದು" ಎಂಬ ಗೇಲಿಯನ್ನು ಕೇಳಬೇಕಾಗುತ್ತದೆ. ಕೆಲವರು ನಾಚಿ ಮನೆಯ ಮಾತನ್ನೇ ಮರೆಸಿಡುತ್ತಾರೆ. ಗೇಲಿ ಮಾಡಿದವರು ಕುಳಿತಿರುವ ಕುರ್ಚಿಯೂ ಅರಬ್ಬಿಯದೇ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಇಂಥ ಕಥೆ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಮುಂದೆ ಸುಮಾರು ಮುನ್ನೂರು ವರ್ಷ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಮೆರೆಯಿತು. ಹೊಲ, ಕೊಟ್ಟಿಗೆಗಳಲ್ಲಿ ಇಂಗ್ಲಿಷ್ ಉಳಿಯಿತು. ಅದರ ಗುರುತು ಇಂದಿಗೂ ಅಳಿಸಿಲ್ಲ. ಕೊಟ್ಟಿಗೆಯಲ್ಲಿರುವ ಕುರಿಗೆ ಹಳೆಯ ಇಂಗ್ಲಿಷಿನ 'ಶೀಪ್' ಎಂಬ ಹೆಸರು. ಅದೇ ದೊಡ್ಡವರ ತಟ್ಟೆಗೆ ಬಂದರೆ ಫ್ರೆಂಚಿನ 'ಮಟನ್'. ಕೋರ್ಟ್, ಜಡ್ಜ್, ಜ್ಯೂರಿ ಎಲ್ಲವೂ ಫ್ರೆಂಚಿನಿಂದ ಬಂದವು. 'ಚೇರ್' ಕೂಡ ಹಾಗೆಯೇ. ಇಂಗ್ಲಿಷರಿಗೆ ಚೇರನ್ನೂ ನಮಗೆ ಕುರ್ಚಿಯನ್ನೂ ಕೊಟ್ಟವು ಆಳಿದವರ ಭಾಷೆಗಳೇ.

ನಮ್ಮಲ್ಲಿ ಆದದ್ದೇನು? ಬಹಮನಿ ಸುಲ್ತಾನರು 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಆಸ್ಥಾನದ ಭಾಷೆ ಪಾರಸಿ. ಇರಾನಿನ ಗಿಲಾನಿನಿಂದ ಬಂದು ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ಅವನ ಪಾರಸಿ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಅಲಂಕಾರದ ಶೈಲಿಗೆ ಹೆಸರಾದುದು. ಪತ್ರ ಬರೆಯುವ ಕಲೆಯ ಬಗೆಗೂ ಅವನು ಒಂದು ಗ್ರಂಥ ಬರೆದ. ಅಂದಿನ ದರ್ಬಾರಿನಲ್ಲಿ ನಯವಾದ, ಕ್ಲಿಷ್ಟವಾದ ಶಬ್ದ ಬಳಸುವುದು ದೊಡ್ಡಸ್ತಿಕೆಯ ಗುರುತಾಗಿತ್ತು. ಬರೀದಶಾಹಿ, ಆದಿಲಶಾಹಿ, ಮೊಗಲರು, ಕೊನೆಗೆ ಹೈದರಾಬಾದಿನ ನಿಜಾಮರು ಹೀಗೆ ದೊರೆಗಳು ಬದಲಾದರೂ ಪಾರಸಿಯ ಪ್ರತಿಷ್ಠೆ ಬಹುಕಾಲ ಉಳಿಯಿತು. 1880ರ ದಶಕದಲ್ಲಿ ನಿಜಾಮ ಸರ್ಕಾರ ಆಡಳಿತಕ್ಕೆ ಉರ್ದುವನ್ನು ತಂದಿತು; 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲೇ ನಡೆಯಿತು.

ಯಾವ ಶಬ್ದಗಳು ಬಂದವು, ಯಾವುವು ಬರಲಿಲ್ಲ ಎಂಬುದನ್ನು ಗಮನಿಸಿದರೆ ಇತಿಹಾಸವೇ ಕಣ್ಣಿಗೆ ಬೀಳುತ್ತದೆ. ಔರಾದ್ ಕಡೆಯ ಹೊಲಕ್ಕೆ ಹೋಗಿ. ಉಳುವುದು, ಬಿತ್ತುವುದು, ನೇಗಿಲು, ಕುಂಟೆ, ಕೂರಿಗೆ, ಕಣ, ಜೋಳ, ತೊಗರಿ ಎಲ್ಲವೂ ನಮ್ಮ ನೆಲದ ಮಾತುಗಳೇ. ಬೆಳೆ ಕಣ ದಾಟಿ ಸರ್ಕಾರದ ಲೆಕ್ಕಕ್ಕೆ ಬಂತೋ, ಭಾಷೆ ಬದಲಾಗುತ್ತದೆ. ಹೊಲ ಜಮೀನಾಗುತ್ತದೆ, ಬೆಳೆ ಫಸಲಾಗುತ್ತದೆ, ಮುಂಗಾರು ಖಾರಿಫ್ ಆಗುತ್ತದೆ, ಹಿಂಗಾರು ರಬಿ ಆಗುತ್ತದೆ. ಆಮೇಲೆ ಬರುವವು ವಸೂಲಿ, ಬಾಕಿ, ಜಪ್ತಿ. ಜಗಳವಾದರೆ ವಕೀಲ, ಸೆರೆಯಾದರೆ ಜಾಮೀನು. ಜಮೀನು ಪಾರಸಿಯದು, ಜಾಮೀನು ಅರಬ್ಬಿಯದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಮೂಲದಲ್ಲಿ ಸಂಬಂಧವಿಲ್ಲ.

'ರೈತ' ಎಂಬ ಶಬ್ದವನ್ನೇ ನೋಡಿ. ಇದಕ್ಕಿಂತ ಮಣ್ಣಿನ ವಾಸನೆಯ ಮಾತು ಇಲ್ಲವೆನಿಸುತ್ತದೆ. ಆದರೆ ಇದೂ ಅರಬ್ಬಿಯದು. ಮೂಲದಲ್ಲಿ ಕಾಯಲ್ಪಡುವ ಹಿಂಡು, ಅದರಿಂದ ಆಳಲ್ಪಡುವ ಪ್ರಜೆ ಎಂಬ ಅರ್ಥ. ಒಕ್ಕಲು ಎಂಬುದು ಬೇಸಾಯದ ಮನೆತನ ತನ್ನನ್ನು ತಾನು ಕರೆದುಕೊಂಡ ಹೆಸರು. ರೈತ ಎಂಬುದು ಕಂದಾಯ ಕೇಳುವವನು ಇಟ್ಟ ಹೆಸರು. ಕಾಲಕ್ರಮದಲ್ಲಿ ಜನ ಆ ಹೆಸರನ್ನೇ ತಮ್ಮದಾಗಿಸಿಕೊಂಡು, ಅದರ ಹೆಸರಿನಲ್ಲೇ ಚಳವಳಿ ಕಟ್ಟಿದರು.

ಬಂದ ಶಬ್ದಗಳಿಗೆ ಕನ್ನಡ ಕೇವಲ ಜಾಗ ಕೊಟ್ಟು ಸುಮ್ಮನಾಗಲಿಲ್ಲ, ಅವನ್ನು ದುಡಿಸಿಕೊಂಡಿತು. ಪಾರಸಿಯ 'ದಾರ' ಪ್ರತ್ಯಯವನ್ನು ಕನ್ನಡದ ಪಾಲು, ಗುತ್ತಿಗೆಗಳಿಗೆ ಅಂಟಿಸಿ ಪಾಲುದಾರ, ಗುತ್ತಿಗೆದಾರ ಎಂದಿತು. ಇಂಗ್ಲಿಷ್ ತನ್ನ 'ಈಟ್' ಎಂಬ ಕ್ರಿಯಾಪದಕ್ಕೆ ಫ್ರೆಂಚಿನ ಪ್ರತ್ಯಯ ಹಚ್ಚಿ 'ಈಟಬಲ್' ಮಾಡಿಕೊಂಡದ್ದೂ ಇದೇ ಬಗೆ. ಇಂಥ ಕಸುವಿಗೆ ಬಡತನವೆನ್ನಲಾಗದು.

ಹಾಗಾದರೆ ತೊಂದರೆ ಎಲ್ಲಿ? ಶಬ್ದದಲ್ಲಲ್ಲ, ಅದು ಬಾಗಿಲಾಗುತ್ತದೋ ಅಗಳಿಯಾಗುತ್ತದೋ ಎಂಬಲ್ಲಿ. ಇದೇ ಸೀಮೆಯ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಸಂಸ್ಕೃತದ ಎತ್ತರದಿಂದಿಳಿದು ಜನರ ಕನ್ನಡದಲ್ಲಿ ನುಡಿದದ್ದು ಈ ಅರಿವಿನಿಂದಲೇ. ನಿಜಾಮರ ಕಾಲದಲ್ಲಿ ಕನ್ನಡದ ಮಕ್ಕಳು ಉರ್ದುವಿನಲ್ಲೇ ಓದಬೇಕಾದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಅವರ ಹಟ ಉರ್ದುವಿನ ಮೇಲಿನ ಹಗೆಯಲ್ಲ. ಮಗು ತನ್ನ ಮಾತಿನಲ್ಲಿ ಕಲಿಯಲೆಂಬ ಕಳಕಳಿ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. 1963ರ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಆದರೂ ಅಜ್ಜನ ಕಾಲದ ಉರ್ದು ಕಾಗದ ಹಿಡಿದು ಓದುವವರನ್ನು ಹುಡುಕುವ ಮೊಮ್ಮಕ್ಕಳಿದ್ದಾರೆ. ಇಂದು ಅವರಿಗೆ ಕಿಟಕಿಯ ಆಚೆಯಿಂದ ಸಿಗುವ ಉತ್ತರ "ಮ್ಯುಟೇಷನ್ ಪೆಂಡಿಂಗ್ ಇದೆ, ಸರ್ವರ್ ಡೌನ್". ಪಾರಸಿ ಕೂತಿದ್ದ ಜಾಗದಲ್ಲಿ ಉರ್ದು, ಉರ್ದು ಕೂತಿದ್ದ ಜಾಗದಲ್ಲಿ ಇಂಗ್ಲಿಷ್. ಈಚೆ ನಿಂತವನು ಮಾತ್ರ ಅವನೇ.

ಆದ್ದರಿಂದ ಬೀದರಿನ ಕನ್ನಡದಿಂದ ತಬಿಯತ್ತನ್ನು ಹೆಕ್ಕಿ ಹೊರಗೆಸೆಯುವ ಅಗತ್ಯವಿಲ್ಲ. ಆ ಮಾತು ಕೇಳಿದೊಡನೆ ಕಾಕಾನ ಮುಖ ಅರಳುತ್ತದೆ, ಉತ್ತರ ಬರುತ್ತದೆ. ಕೇಳಿದವನ ಬಾಯಿ ಕಟ್ಟಿಸುವ ಮಾತೇ ಪರಭಾಷೆ, ಅದು ಎಷ್ಟೇ ಅಚ್ಚಗನ್ನಡದ್ದಾಗಿದ್ದರೂ.